ಕಣ್ಣು ಬಿಟ್ಟಿದ್ದನ್ನು ಕಿವಿ ಹಿಡಿಯಿತು

ಪತ್ರ: ಕಳೆದ ಮೂರು ತಿಂಗಳಲ್ಲಿ ಒಂಬತ್ತು ಪುಸ್ತಕ ಮುಗಿಸಿದೆ. ಐದು ಓದಿದ್ದು, ನಾಲ್ಕು ಆಡಿಯೋಬುಕ್ ಆಗಿ ಕೇಳಿದ್ದು. ಓದಿದ ಐದೂ ಇಷ್ಟವಾದವು. ಕೇಳಿದ್ದರಲ್ಲಿ ಹಿಡಿಸಿದ್ದು ಒಂದೇ, ಲೇಖಕಿ ತಾವೇ ಓದಿದ ಆತ್ಮಕಥೆ. ಮೂರು ತಲೆಮಾರಿನ ಕಥೆ ಹೇಳುವ ದೊಡ್ಡ ಕಾದಂಬರಿ ಎಳೆದು ಎಳೆದು ಸಾಕಾಯಿತು. ಪತ್ತೇದಾರಿ ಕಾದಂಬರಿಯಲ್ಲಿ ಪಾತ್ರಗಳ ಮಾತು ಕೃತಕ ಅನ್ನಿಸಿತು. ಮಿದುಳಿನ ಬಗ್ಗೆ ಇದ್ದ ವಿಜ್ಞಾನದ ಪುಸ್ತಕ ತಲೆಗೆ ಹತ್ತಲೇ ಇಲ್ಲ. ಕೇಳಿದ್ದನ್ನೆಲ್ಲ ಒಂದೂಮುಕ್ಕಾಲು ಪಟ್ಟು ವೇಗದಲ್ಲಿ ಓಡಿಸಿ ಮುಗಿಸಿದೆ. ಆಡಿಯೋಬುಕ್ ನನಗೆ ಆಗಿಬರುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ಅಷ್ಟಕ್ಕೂ, ಕೇಳಿದ್ದನ್ನು ಓದಿದ ಲೆಕ್ಕಕ್ಕೆ ಸೇರಿಸಬಹುದೇ?

ಸಂಪಾದಕರ ಉತ್ತರ: ನಿಮ್ಮ ಪತ್ರ ಹದಿನೈದು ದಿನದಿಂದ ನನ್ನ ಮೇಜಿನ ಮೇಲಿದೆ. ಒಂಬತ್ತು ಪುಸ್ತಕಗಳ ಹೆಸರನ್ನೂ ನೀವು ಬರೆದಿದ್ದೀರಿ. ನಾನು ತೆಗೆದಿದ್ದೇನೆ. ಮೂವರು ಲೇಖಕರ ಜೊತೆ ಒಟ್ಟಿಗೆ ಜಗಳ ಆಡುವ ವಯಸ್ಸು ನನ್ನದಲ್ಲ.

ಮೊದಲು ನಿಮ್ಮ ಪರವಾಗಿ ಒಂದು ಮಾತು. ವಿಜ್ಞಾನದ ಪುಸ್ತಕದ ವಿಷಯದಲ್ಲಿ ನೀವು ಹೇಳಿದ್ದು ಸರಿ. ಓದುವಾಗ ನಮ್ಮ ಕಣ್ಣು ಮುಂದಕ್ಕೆ ಮಾತ್ರ ಹೋಗುವುದಿಲ್ಲ. ಅದರ ಜಿಗಿತಗಳಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಹಿಂದಕ್ಕೇ ಇರುತ್ತವೆ, ನಮಗೇ ಗೊತ್ತಾಗದ ಹಾಗೆ. ಅರ್ಥವಾಗದ ಪದಕ್ಕೆ ಕಣ್ಣು ತಾನಾಗಿ ಮರಳಿ ಹೋಗಿ ಬರುತ್ತದೆ. ಕಿವಿಗೆ ಆ ಸೌಕರ್ಯ ಇಲ್ಲ. ಚಿತ್ರ, ಪಟ್ಟಿ, ಅಂಕಿಗಳಿರುವ ಪುಸ್ತಕವನ್ನು ಕಾಗದದಲ್ಲೇ ಓದಿ. ನಿಮಗೆ ಕೊಡಬೇಕಾದಷ್ಟು ಕೊಟ್ಟೆ. ಇನ್ನು ಮೇಲೆ ಜಗಳ.

ನೀವು ಓದಿದ ಐದೂ ಚೆನ್ನಾಗಿದ್ದವು, ಕೇಳಿದ ನಾಲ್ಕರಲ್ಲಿ ಮೂರು ಕೆಟ್ಟದಾಗಿದ್ದವು ಅನ್ನುತ್ತೀರಿ. ಅದಕ್ಕೆ ಕೇಳುವ ರೀತಿಯನ್ನೇ ದೂರುತ್ತೀರಿ. ಅದನ್ನು ತಿರುಗಿಸಿ ನೋಡಿದರೆ? ಆ ಐದು ಪುಸ್ತಕಗಳ ಪ್ರತಿ ಸಾಲನ್ನೂ ನೀವು ಓದಿದ್ದು ನಿಜವೇ? ಎದೆ ಮುಟ್ಟಿಕೊಂಡು ಹೇಳಿ. ಮಳೆಯ ವರ್ಣನೆ ಒಂದೂವರೆ ಪುಟ ಬಂದಾಗ ಕಣ್ಣು ಏನು ಮಾಡುತ್ತದೆ ಎಂದು ನನಗೂ ಗೊತ್ತು, ನಿಮಗೂ ಗೊತ್ತು. ಮೊದಲ ಸಾಲು ನೋಡುತ್ತದೆ, ಕೊನೆಯ ಸಾಲು ನೋಡುತ್ತದೆ, ‘ಓಹೋ ಮಳೆ’ ಎಂದು ಮುಂದಿನ ಮಾತುಕತೆಗೆ ಹಾರುತ್ತದೆ. ಕಣ್ಣು ಬಹಳ ಮರ್ಯಾದಸ್ಥ. ಲೇಖಕನ ತಪ್ಪನ್ನು ಕಂಡರೂ ಕಾಣದ ಹಾಗೆ ದಾಟಿಹೋಗುತ್ತದೆ. ಕಿವಿಗೆ ದಾಕ್ಷಿಣ್ಯ ಇಲ್ಲ. ಆ ಒಂದೂವರೆ ಪುಟದ ಮಳೆಯಲ್ಲಿ ಅದು ಪೂರ್ತಿ ನೆನೆಯಲೇಬೇಕು.

ಅಂದರೆ, ಈ ಮೂರು ತಿಂಗಳಲ್ಲಿ ನೀವು ನಿಜವಾಗಿ ಪೂರ್ತಿ ಓದಿದ್ದು ಆ ನಾಲ್ಕು ಪುಸ್ತಕಗಳನ್ನೇ ಅಂತ ನನಗೆ ಗುಮಾನಿ. ‘ಪಾತ್ರಗಳ ಮಾತು ಕೃತಕ ಅನ್ನಿಸಿತು’ ಎಂದು ಬರೆದಿರಿ. ಸ್ವಾಮಿ, ಅದು ಪುಸ್ತಕದ ದೋಷ. ಅದನ್ನು ಕಂಡುಹಿಡಿದ ಕಿವಿಗೆ ಶಭಾಷ್ ಅನ್ನುವುದು ಬಿಟ್ಟು ನೀವು ಅದರ ಕೆಲಸವನ್ನೇ ಕಿತ್ತುಕೊಳ್ಳುತ್ತಿದ್ದೀರಿ.

ನಾನು ಇಷ್ಟು ಜೋರಾಗಿ ಹೇಳುವುದಕ್ಕೆ ಕಾರಣ ಇದೆ. ಈ ಪತ್ರಿಕೆಗೆ ಬರುವ ಕಥೆಗಳನ್ನು ನಾನು ಗಟ್ಟಿಯಾಗಿ ಓದುತ್ತೇನೆ. ಬಾಗಿಲು ಹಾಕಿಕೊಂಡು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ನಾನು ಫೋನಿನಲ್ಲಿ ಯಾರ ಮೇಲೋ ರೇಗುತ್ತಿದ್ದೇನೆ ಎಂದು ಒಂದು ವಾರ ಒಳಗೆ ಬರುವುದಿಲ್ಲ. ಒಮ್ಮೆ ಒಳ್ಳೆಯ ಕಥೆಗಾರರೊಬ್ಬರು ಉದ್ದದ ಕಥೆ ಕಳಿಸಿದ್ದರು. ಎಲ್ಲೋ ಏನೋ ಸರಿ ಇಲ್ಲ, ಆದರೆ ಇಂಥದ್ದು ಎಂದು ಬೆರಳಿಟ್ಟು ತೋರಿಸಲು ಆಗಲಿಲ್ಲ. ಫೋನ್ ಮಾಡಿ, ‘ನಿಮ್ಮ ಕಥೆ ನಿಮಗೇ ಓದುತ್ತೇನೆ, ಸುಮ್ನೆ ಕೇಳಿ’ ಎಂದೆ. ಎರಡನೇ ಪುಟದ ಅರ್ಧಕ್ಕೆ ಬಂದಿದ್ದೆ. ಆ ಕಡೆಯಿಂದ, ‘ಸಾಕು ಸಾರ್. ವಾಪಸ್ ಕಳಿಸಿ’ ಎಂದರು. ನಾನು ಟೀಕೆಯ ಒಂದು ಮಾತೂ ಆಡಿರಲಿಲ್ಲ. ತಿದ್ದಿ ಬಂದ ಕಥೆ ಮೊದಲಿನ ಅರ್ಧದಷ್ಟಿತ್ತು.

ನನಗೂ ಇದೇ ಮದ್ದು ಸಿಕ್ಕಿದೆ. ನನ್ನ ಸಂಪಾದಕೀಯವೊಂದನ್ನು ಗೆಳೆಯರೊಬ್ಬರು ಸಭೆಯಲ್ಲಿ ಓದಿದರು. ನಾನು ಬಹಳ ಹೆಮ್ಮೆಪಟ್ಟಿದ್ದ ಒಂದು ವಾಕ್ಯದ ನಡುವೆ ಅವರು ನಿಂತರು. ಕೆಮ್ಮು ಬಂತೇನೋ ಅಂದುಕೊಂಡೆ. ಕೆಮ್ಮಲ್ಲ, ಉಸಿರು ಮುಗಿದಿತ್ತು.

ಇದು ನಾನು ಕಂಡುಹಿಡಿದ ಹೊಸ ವಿದ್ಯೆ ಏನೂ ಅಲ್ಲ. ಫ್ರೆಂಚ್ ಕಾದಂಬರಿಕಾರ ಫ್ಲಾಬೇರ್ ತಾನು ಬರೆದ ವಾಕ್ಯಗಳನ್ನು ಗಂಟಲು ಹರಿಯುವ ಹಾಗೆ ಕೂಗಿ ಓದುತ್ತಿದ್ದ. ಕೂಗಿದಾಗ ಎಡವುವ ವಾಕ್ಯ ಕೆಟ್ಟ ವಾಕ್ಯ ಅನ್ನುವುದು ಅವನ ಲೆಕ್ಕ. ಕನ್ನಡಕ್ಕಂತೂ ಈ ಪರೀಕ್ಷೆ ಇನ್ನೂ ಜಾಸ್ತಿ ಬೇಕು. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ವಾಕ್ಯ ಉದ್ದವಾದರೆ ಕಣ್ಣು ಕೊನೆಗೆ ಹಾರಿ, ‘ಬಂದನೋ ಹೋದನೋ’ ಎಂದು ನೋಡಿಕೊಂಡು ಬಂದುಬಿಡುತ್ತದೆ. ಕಿವಿ ಮಾತ್ರ ಎಲ್ಲ ಹೊರೆಯನ್ನೂ ತಲೆಯ ಮೇಲೆ ಹೊತ್ತುಕೊಂಡು ಕಾಯುತ್ತಾ ನಿಲ್ಲಬೇಕು. ಆ ಮೂರು ತಲೆಮಾರಿನ ಕಾದಂಬರಿ ಎಳೆದ ಹಾಗಾಯಿತು ಅಂದಿರಲ್ಲ, ಕಥೆ ಎಳೆಯಿತೋ ವಾಕ್ಯ ಎಳೆಯಿತೋ ಒಮ್ಮೆ ನೋಡಿ. ‘ಅವನಿಂದ ತರಲ್ಪಟ್ಟು ಅವಳಿಂದ ತೆರೆಯಲ್ಪಟ್ಟ ಪೆಟ್ಟಿಗೆ’ ಎಂದು ಅಚ್ಚಾದರೆ ಯಾರಿಗೂ ತೊಂದರೆಯಿಲ್ಲ. ಬಾಯಿಬಿಟ್ಟು ಓದಿದರೆ ನಗು ಬರುತ್ತದೆ. ಹೀಗೆ ಯಾರೂ ಮಾತಾಡುವುದಿಲ್ಲ, ಅಲ್ವಾ?

ಈಗ ನಿಮ್ಮ ಲೆಕ್ಕದ ಪ್ರಶ್ನೆ. ಕೇಳಿದ್ದು ಓದಿದ್ದಾಗುತ್ತದೆಯೇ?

ಬಹಳ ಓದಿಕೊಂಡವರನ್ನು ನಾವು ಏನೆಂದು ಕರೆಯುತ್ತೇವೆ? ಬಹುಶ್ರುತರು. ಶ್ರುತ ಅಂದರೆ ಕೇಳಿದ್ದು. ಬಹಳ ಕೇಳಿದವರೇ ಪಂಡಿತರು ಎಂದು ಮಾತೇ ಒಪ್ಪಿಕೊಂಡಿದೆ, ನಾವು ಈಗ ಅನುಮಾನಿಸುತ್ತಿದ್ದೇವೆ. ಹಳೆಯ ತಾಳೆಗರಿಯ ಕಟ್ಟುಗಳಲ್ಲಿ ಪದಗಳ ನಡುವೆ ಜಾಗವೇ ಬಿಡುತ್ತಿರಲಿಲ್ಲ. ಹಳೆಯ ಲ್ಯಾಟಿನ್ ಹಸ್ತಪ್ರತಿಗಳ ಪಾಡೂ ಅದೇ. ಎಲ್ಲಿ ಪದ ಒಡೆಯಬೇಕು ಎಂದು ತಿಳಿಯಲು ಬಾಯಿಯ ನೆರವು ಬೇಕಾಗುತ್ತಿತ್ತು. ನಾಲ್ಕನೇ ಶತಮಾನದ ಕೊನೆಯಲ್ಲಿ ಮಿಲಾನಿನ ಬಿಷಪ್ ಆಂಬ್ರೋಸ್ ತುಟಿ ಅಲ್ಲಾಡಿಸದೆ ಓದುತ್ತಿದ್ದುದನ್ನು, ಮುಂದೆ ಕ್ರೈಸ್ತ ಸಂತನೆನಿಸಿದ ಅಗಸ್ಟೀನ್ ನೋಡಿದ. ಆಗ ಮೌನವಾಗಿ ಓದುವವರು ಬೇರೆ ಯಾರೂ ಇರಲಿಲ್ಲ ಅಂತಲ್ಲ. ಆದರೂ ಅವನಿಗೆ ಅದು ಬರೆದಿಡುವಷ್ಟು ವಿಶೇಷ ಅನ್ನಿಸಿತು. ಏಕೆ ಹೀಗೆ ಓದುತ್ತಾರೆ ಎಂದು ಕಾರಣ ಕೂಡ ಹುಡುಕಿದ: ಗಂಟಲು ಕೆಡದಿರಲಿ ಎಂದಿರಬಹುದೇ?

ಕ್ಯೂಬಾದ ಹವಾನಾ ನಗರದ ಚುಟ್ಟಾ ಕಾರ್ಖಾನೆಗಳ ಕಥೆ ನನಗೆ ಇನ್ನೂ ಪ್ರಿಯ. 1865ರಲ್ಲಿ ಅಲ್ಲಿ ಒಬ್ಬರು ಎತ್ತರದ ಕುರ್ಚಿಯಲ್ಲಿ ಕುಳಿತು ಗಟ್ಟಿಯಾಗಿ ಓದುವುದು, ಉಳಿದವರು ಎಲೆ ಸುತ್ತುತ್ತಾ ಕೇಳುವುದು ಶುರುವಾಯಿತು. ಓದುವವನಿಗೆ ಸಂಬಳ ಕೊಡುತ್ತಿದ್ದುದು ಮಾಲೀಕರಲ್ಲ, ಕೆಲಸಗಾರರೇ, ತಮ್ಮ ಕೂಲಿಯಿಂದ. ಯಾವ ಕಾದಂಬರಿ ಬೇಕು ಎಂಬುದನ್ನೂ ಅವರೇ ಆರಿಸುತ್ತಿದ್ದರು. ಕೇಳಿ ಕೇಳಿ ಜನ ಬುದ್ಧಿವಂತರಾದರೆ ಕಷ್ಟ ಎಂದು ಹೆದರಿದ ಸರ್ಕಾರ 1866ರಲ್ಲಿ ಅದನ್ನು ನಿಷೇಧಿಸಿತು. ಕೇಳುವುದು ಓದುವುದಕ್ಕಿಂತ ಕಡಿಮೆ ಅನ್ನುವವರು ಆ ಸರ್ಕಾರವನ್ನು ವಿಚಾರಿಸಬೇಕು.

ಲಂಡನ್ನಿನಲ್ಲಿ 1935ರಲ್ಲಿ ಕುರುಡರಿಗಾಗಿ ಮಾತಾಡುವ ಪುಸ್ತಕಗಳು ಶುರುವಾದವು. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರು ಮುಖ್ಯ ಕೇಳುಗರು. ಗ್ರಾಮೊಫೋನ್ ತಟ್ಟೆಯ ಒಂದು ಮಗ್ಗುಲಿಗೆ 25 ನಿಮಿಷದ ಓದು. ಒಂದು ಕಾದಂಬರಿಗೆ ಹತ್ತು ತಟ್ಟೆ ಬೇಕಾಗುತ್ತಿತ್ತು. ಪ್ರತಿ 25 ನಿಮಿಷಕ್ಕೆ ಎದ್ದು, ತಡಕಾಡಿ, ತಟ್ಟೆ ತಿರುಗಿಸಿ ಮುಂದಿನ ಭಾಗ ಕೇಳಿದವರನ್ನು ನೆನೆಸಿಕೊಳ್ಳಿ. ಅವರು ಪುಸ್ತಕ ಓದಲಿಲ್ಲ ಎಂದು ಹೇಳಲು ನನಗೆ ನಾಲಿಗೆ ಬರುವುದಿಲ್ಲ.

ಕಥೆಗಾರ ಬೋರ್ಹೆಸ್ ಇದ್ದಾರಲ್ಲ, ಅವರು 1955ರಲ್ಲಿ ಅರ್ಜೆಂಟೀನಾದ ರಾಷ್ಟ್ರೀಯ ಗ್ರಂಥಾಲಯದ ನಿರ್ದೇಶಕರಾದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಓದುವ ದೃಷ್ಟಿ ಹೋಯಿತು. 1986ರಲ್ಲಿ ತೀರಿಕೊಳ್ಳುವವರೆಗೂ ಅವರು ಓದಿದ್ದೆಲ್ಲ ಬೇರೆಯವರ ಬಾಯಿಂದ. ಪುಸ್ತಕದಂಗಡಿಯಲ್ಲಿ ಕೆಲಸಕ್ಕಿದ್ದ ಆಲ್ಬರ್ಟೊ ಮ್ಯಾಂಗುಯೆಲ್ ಎಂಬ ಹದಿಹರೆಯದ ಹುಡುಗ ಸಂಜೆ ಹೋಗಿ ಓದಿ ಹೇಳುತ್ತಿದ್ದ. ಬೋರ್ಹೆಸ್ ನಡುನಡುವೆ ತಡೆದು ಮಾತಾಡುತ್ತಿದ್ದರು, ಒಂದು ಸಾಲಿಗೆ ನಗುತ್ತಿದ್ದರು. ಕನ್ನಡದಲ್ಲಿ ‘ಕೇಳು’ ಅಂದರೆ ಆಲಿಸು ಎಂದೂ ಹೌದು, ಪ್ರಶ್ನೆ ಹಾಕು ಎಂದೂ ಹೌದು. ಬೋರ್ಹೆಸ್ ಎರಡೂ ಅರ್ಥದಲ್ಲಿ ಕೇಳುತ್ತಿದ್ದರು.

ನೀವು? ನೀವು ಒಂದೂಮುಕ್ಕಾಲು ಪಟ್ಟು ವೇಗ ಒತ್ತಿದಿರಿ. ನಿಮ್ಮ ಪತ್ರದಲ್ಲಿ ನನಗೆ ಸಿಟ್ಟು ಬಂದದ್ದು ಇದೊಂದಕ್ಕೇ. ಹತ್ತು ಗಂಟೆಯ ಪುಸ್ತಕದಲ್ಲಿ ನಾಲ್ಕು ಗಂಟೆ ಚಿಲ್ಲರೆ ಉಳಿಸಿದಿರಿ, ಸರಿ. ಆದರೆ ವೇಗ ಹೆಚ್ಚಿಸಿದಾಗ ಪದಗಳ ಜೊತೆಗೆ ಮೌನವೂ ಕುಗ್ಗುತ್ತದೆ. ‘ಅಪ್ಪ ಬಾಗಿಲು ತೆಗೆದ’ ಎಂದು ಓದಿ, ಓದಿ ಹೇಳುವವನು ಒಂದು ಕ್ಷಣ ನಿಲ್ಲುತ್ತಾನೆ. ಆಮೇಲೆ, ‘ಯಾರೂ ಇರಲಿಲ್ಲ’ ಅನ್ನುತ್ತಾನೆ. ಆ ಒಂದು ಕ್ಷಣದಲ್ಲಿ ಇಡೀ ಕಥೆ ಇದೆ. ನಿಮಗೆ ಕೇಳಿಸಿದ್ದು ಅಪ್ಪ, ಬಾಗಿಲು, ಯಾರೂ ಇಲ್ಲ. ಹೀಗೆ ಓಡಿಸಿಯೂ ಆ ಪತ್ತೇದಾರಿ ಕಾದಂಬರಿಯ ಕೃತಕತೆ ನಿಮಗೆ ಗೊತ್ತಾಯಿತಲ್ಲ, ನಿಮ್ಮ ಕಿವಿ ಎಷ್ಟು ಚುರುಕಿರಬೇಕು!

ತಪ್ಪು ನಿಮ್ಮೊಬ್ಬರದೇ ಅಲ್ಲ ಬಿಡಿ. ಎಲ್ಲರಿಗೂ ‘ಮುಗಿಸುವ’ ಚಟ ಹತ್ತಿದೆ. ವರ್ಷಕ್ಕೆ ಐವತ್ತು, ನೂರು ಎಂದು ಗುರಿ ಹಾಕಿಕೊಳ್ಳುತ್ತಾರೆ. ನನಗೆ ಬರುವ ಪುಸ್ತಕ ವಿಮರ್ಶೆಗಳಲ್ಲಿ ಕಥಾಸಾರ ಇರುತ್ತದೆ, ಲೇಖಕನ ಹಿನ್ನೆಲೆ ಇರುತ್ತದೆ, ಸಮಾಜದ ಬಗ್ಗೆ ಎರಡು ಪ್ಯಾರಾ ಇರುತ್ತದೆ. ಆ ಪುಸ್ತಕದ ಒಂದೇ ಒಂದು ವಾಕ್ಯ ಹೇಗಿದೆ ಎಂದು ಯಾರೂ ಬರೆಯುವುದಿಲ್ಲ. ಆಡಿಯೋಬುಕ್ ಬಗ್ಗೆ ಬರೆದವರು ಓದಿದವರ ಹೆಸರನ್ನೇ ಬಿಟ್ಟಿರುತ್ತಾರೆ. ಹತ್ತು ಗಂಟೆ ಗಂಟಲು ಸವೆಸಿದವರಿಗೆ ಒಂದು ಸಾಲು ಇಲ್ಲ. ಈಗ ಯಂತ್ರದ ದನಿಯೂ ಬಂದಿದೆ. ಅದು ಸಾವಿನ ಮನೆಯನ್ನೂ ಮದುವೆ ಮನೆಯನ್ನೂ ಒಂದೇ ಉಸಿರಿನಲ್ಲಿ ದಾಟುತ್ತದೆ. ಉಸಿರು ಅನ್ನುವುದೂ ತಪ್ಪು, ಅದಕ್ಕೆ ಉಸಿರೇ ಇಲ್ಲ. ಉಸಿರು ಸಾಲದೆ ಎಡವುವವರೇ ಇಲ್ಲವಾದರೆ ಕೆಟ್ಟ ವಾಕ್ಯ ಸಿಕ್ಕಿಬೀಳುವುದು ಹೇಗೆ?

ನಿಮಗೊಂದು ಕೆಲಸ ಹಚ್ಚುತ್ತೇನೆ. ಇಷ್ಟವಾದವು ಎಂದ ಐದರಲ್ಲಿ ಒಂದನ್ನು ತೆಗೆದುಕೊಳ್ಳಿ. ನಡುವೆ ಎಲ್ಲಾದರೂ ಹತ್ತು ಪುಟ ಗಟ್ಟಿಯಾಗಿ ಓದಿ. ಯಾರಾದರೂ ಕೇಳಲು ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಗೋಡೆ ಸಾಕು. ಆಮೇಲೂ ಇಷ್ಟವಾದರೆ ನನಗೆ ಬರೆಯಿರಿ. ಆ ಪುಸ್ತಕವನ್ನು ನಾನೂ ಕೊಂಡುಕೊಳ್ಳುತ್ತೇನೆ. ಆ ಆತ್ಮಕಥೆಯನ್ನು ಮಾತ್ರ ಇನ್ನೊಮ್ಮೆ ಕೇಳಿ, ಅವರು ಓದಿದ ವೇಗದಲ್ಲೇ.

ಅಂದ ಹಾಗೆ, ನಿಮ್ಮ ಪತ್ರವನ್ನೂ ಬಾಗಿಲು ಹಾಕಿಕೊಂಡು ಗಟ್ಟಿಯಾಗಿ ಓದಿದೆ. ಚೆನ್ನಾಗಿದೆ. ಎರಡನೇ ಪುಟದಲ್ಲಿ, ಆಡಿಯೋಬುಕ್ ಏಕೆ ಬೇಡ ಎಂದು ವಿವರಿಸುವ ಕಡೆ, ಒಂದು ವಾಕ್ಯಕ್ಕೆ ಮಾತ್ರ ಉಸಿರು ಸಾಲಲಿಲ್ಲ. ಅದನ್ನು ಅಚ್ಚು ಹಾಕಿಲ್ಲ.