ಅಮ್ಮನನ್ನು ದಸರಾಗೆ ಕರ್ಕೊಂಡು ಹೋಗೋದು ಹೇಗೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ಅಮ್ಮನಿಗೆ 78 ವರ್ಷ. ಮಂಡಿನೋವು, ಕೋಲು ಹಿಡಿದು ನಿಧಾನಕ್ಕೆ ಓಡಾಡುತ್ತಾರೆ. ಓದಿದ್ದು ಮೈಸೂರಿನಲ್ಲಿ, ದಸರಾ ಅಂದರೆ ಪ್ರಾಣ. ಆದರೆ ಕರೆದಾಗಲೆಲ್ಲ "ನೀವು ಹೋಗಿ ಬನ್ನಿ, ನಾನು ಮನೆ ನೋಡ್ಕೋತೀನಿ" ಅಂತಾರೆ. ಒಳಗೊಳಗೆ ಆಸೆ ಇದೆ ಅಂತ ನಮಗೆ ಗೊತ್ತು. ಜಂಬೂಸವಾರಿಗೆ ಪಾಸ್ ಕೊಡಿಸ್ತೀನಿ ಅಂತ ನಮ್ಮ ಭಾವ ಹೇಳಿದ್ದಾರೆ. ಅಮ್ಮನನ್ನು ಹೇಗೆ ಒಪ್ಪಿಸೋದು? (ಹಾಸನದ ಓದುಗರು)

ಉತ್ತರ: ಪಾಸ್ ಸಿಕ್ಕಿದರೆ ಭಾವನೇ ಹೋಗಿ ಬರಲಿ ಬಿಡಿ. ಜಂಬೂಸವಾರಿ ವಯಸ್ಸಾದವರಿಗೆ ಹೇಳಿದ್ದಲ್ಲ. ಮಧ್ಯಾಹ್ನದ ಮೆರವಣಿಗೆಗೆ ಬೆಳಗ್ಗೆಯೇ ಹೋಗಿ ಜಾಗ ಹಿಡಿಯಬೇಕು, ಒಂದು ಸಲ ಬ್ಯಾರಿಕೇಡ್ ಒಳಗೆ ಕೂತರೆ ಎದ್ದು ಬರುವ ಹಾಗಿಲ್ಲ, ಬಿಸಿಲು ಇದ್ದರೆ ಬಿಸಿಲು, ಮಳೆ ಬಂದರೆ ಮಳೆ. 750 ಕಿಲೋ ತೂಕದ ಅಂಬಾರಿ ಹೊತ್ತ ಆನೆ ಎದುರಿಗೆ ಹಾದು ಹೋಗೋದು ಕೆಲವೇ ನಿಮಿಷ. ಅದನ್ನು ಟಿವಿಯಲ್ಲಿ ನೇರಪ್ರಸಾರದಲ್ಲಿ ನೋಡಿದರೆ ಆನೆಯ ಮುಖದ ಬಣ್ಣವೂ ಕಾಣಿಸುತ್ತದೆ. ಕಾಫಿ ಕುಡಿಯುತ್ತಾ ನೋಡಬಹುದು.

ಇನ್ನು "ನಾನು ಮನೆ ನೋಡ್ಕೋತೀನಿ" ಅನ್ನೋ ಮಾತು. ಮನೆಗೆ ಬೀಗ ಇದೆ, ಅದು ಅಮ್ಮನಿಗೂ ಗೊತ್ತು. ಈ ವಯಸ್ಸಿನ ಹೆಂಗಸರು ಹೀಗೆ ಅಂದಾಗ ಎಷ್ಟೋ ಸಲ ಕಾರಣ ಮಂಡಿ ಅಲ್ಲ, ಶೌಚಾಲಯ. ಎಲ್ಲಿದೆಯೋ, ಹೇಗಿದೆಯೋ, ಭಾರತೀಯ ಕಮೋಡ್ ಆದರೆ ಕೂತು ಏಳೋಕೆ ಆಗುತ್ತದೋ ಇಲ್ಲವೋ, ಪದೇ ಪದೇ ಎದ್ದರೆ ಅಳಿಯ ಏನಂದುಕೊಳ್ತಾನೋ. ಇದನ್ನು ಬಾಯಿಬಿಟ್ಟು ಹೇಳೋದಿಲ್ಲ. ಹೇಳದೆ ಏನು ಮಾಡ್ತಾರೆ ಅಂದರೆ ಹೊರಡುವ ದಿನ ಬೆಳಗ್ಗೆಯಿಂದ ನೀರು ಕುಡಿಯೋದನ್ನೇ ಬಿಡ್ತಾರೆ. ಸಂಜೆ ಹೊತ್ತಿಗೆ ತಲೆಸುತ್ತು, ಮರುದಿನ ಉರಿಮೂತ್ರ. ಆಮೇಲೆ ಮನೆಯವರು "ನೋಡಿ, ಇದಕ್ಕೇ ಬೇಡ ಅಂದಿದ್ದು" ಅಂತಾರೆ!

ಹಾಗಾಗಿ ಮಗಳೋ ಸೊಸೆಯೋ, ಯಾರ ಹತ್ತಿರ ಸಲಿಗೆ ಜಾಸ್ತಿಯೋ ಅವರು, ಅಮ್ಮ ಒಬ್ಬರೇ ಇದ್ದಾಗ ನೇರವಾಗಿ ಕೇಳಲಿ. ಮುಜುಗರ ಬೇಡ. ಔಷಧಿ ಅಂಗಡಿಯಲ್ಲಿ ದೊಡ್ಡವರ ಪ್ಯಾಡ್ ಸಿಗುತ್ತದೆ, ಸೀರೆಯ ಕೆಳಗೆ ಗೊತ್ತೂ ಆಗುವುದಿಲ್ಲ, "ಸುಮ್ನೆ ಧೈರ್ಯಕ್ಕೆ ಇರಲಿ ಅಮ್ಮ" ಅಂತ ಹೇಳಿ ಕೊಡಿ. ಬಿಪಿಗೋ ಕಾಲು ಊತಕ್ಕೋ ಮೂತ್ರ ಹೆಚ್ಚು ಮಾಡುವ ಮಾತ್ರೆ ತಗೋತಿದ್ದರೆ ಆ ದಿನ ಯಾವ ಹೊತ್ತಿಗೆ ತಗೋಬೇಕು ಅಂತ ಡಾಕ್ಟರನ್ನು ಮೊದಲೇ ಕೇಳಿ. ನೀವೇ ಮಾತ್ರೆ ತಪ್ಪಿಸಬೇಡಿ. ಇಷ್ಟು ಬಗೆಹರಿದರೆ ಒಪ್ಪಿಸುವ ಕೆಲಸ ಮುಕ್ಕಾಲು ಮುಗಿಯಿತು.

ಎಲ್ಲಿಗೆ ಕರ್ಕೊಂಡು ಹೋಗೋದು? ಅರಮನೆ ಅಂಗಳದ ಸಂಜೆ ಸಂಗೀತಕ್ಕೆ. ನವರಾತ್ರಿಯ ಮೊದಲ ದಿನಗಳಲ್ಲಿ, ಅದೂ ಸೋಮವಾರದಿಂದ ಗುರುವಾರದ ಒಳಗೆ ಒಂದು ದಿನ ಹುಡುಕಿ. ಆಯುಧಪೂಜೆ ಹತ್ತಿರ ಬಂದಂತೆ ಜನ ಜಾಸ್ತಿ. ಕತ್ತಲಾಗುವ ಮೊದಲೇ ಒಳಗೆ ಹೋಗಿ, ಸಾಲಿನ ಕೊನೆಯ ಕುರ್ಚಿ ಹಿಡಿಯಿರಿ, ಮಧ್ಯದ್ದು ಬೇಡ. ಎದ್ದು ಹೋಗಬೇಕಾದಾಗ ಹತ್ತು ಜನರ ಕಾಲು ದಾಟುವಂತಾಗಬಾರದು. ಏಳು ಗಂಟೆಗೆ ಅರಮನೆಯ ಸುಮಾರು 1 ಲಕ್ಷ ದೀಪ ಒಟ್ಟಿಗೆ ಹತ್ತಿಕೊಳ್ಳುವಾಗ ಅಮ್ಮ ಕೂತಲ್ಲೇ ಕೂತು ನೋಡಬಹುದು. ಕಾರ್ಯಕ್ರಮ ಮುಗಿಯುವವರೆಗೆ ಇರಲೇಬೇಕು ಅನ್ನುವ ಹಟ ಬೇಡ. ಎಲ್ಲರೂ ಒಟ್ಟಿಗೆ ಗೇಟಿನ ಕಡೆ ನುಗ್ಗುವ ಮೊದಲು, ಅರ್ಧ ಗಂಟೆ ಮುಂಚೆ ಎದ್ದುಬಿಡಿ. ದಸರಾ ದಿನಗಳಲ್ಲಿ ಅರಮನೆ ಸುತ್ತಲಿನ ರಸ್ತೆಗಳಲ್ಲಿ ಏಕಮುಖ ಸಂಚಾರ, ಪಾರ್ಕಿಂಗ್ ದೂರ. ಒಬ್ಬರು ಅಮ್ಮನನ್ನು ಗೇಟಿನ ಹತ್ತಿರ ಇಳಿಸಿಕೊಂಡು ನಿಲ್ಲಲಿ, ಇನ್ನೊಬ್ಬರು ಕಾರು ನಿಲ್ಲಿಸಿ ಬರಲಿ. ಮಡಚುವ ಗಾಲಿಕುರ್ಚಿ ಬಾಡಿಗೆಗೆ ಸಿಗುತ್ತದೆ. "ನನಗೆ ಗಾಲಿಕುರ್ಚಿಯಾ?" ಅಂತ ಸಿಟ್ಟಾದರೆ ಡಿಕ್ಕಿಯಲ್ಲಿ ಇಟ್ಟುಕೊಂಡು ಸುಮ್ಮನಿರಿ. ವಾಪಸ್ ಬರುವಾಗ ಅವರೇ ಕೇಳ್ತಾರೆ.

ಮಳೆಯ ಲಕ್ಷಣ ಇದ್ದರೆ ಅಂಗಳದ ಆಸೆ ಬಿಡಿ. ದಸರಾ ಕಾರ್ಯಕ್ರಮಗಳು ಜಗನ್ಮೋಹನ ಅರಮನೆ, ಕಲಾಮಂದಿರದಂಥ ಸಭಾಂಗಣಗಳಲ್ಲೂ ಇರುತ್ತವೆ. ಮೇಲೆ ಸೂರು, ಜನವೂ ಅಷ್ಟು ಇರೋದಿಲ್ಲ. ನನ್ನನ್ನು ಕೇಳಿದರೆ ಸಂಗೀತ ಕೇಳೋಕೆ ಅಲ್ಲೇ ವಾಸಿ.

ಒಂದೇ ದಿನದಲ್ಲಿ ಹೋಗಿ ಬರೋದು ಬೇಡ, ರಾತ್ರಿ ಅಲ್ಲೇ ತಂಗಿ. ಮರುದಿನ ಫಲಪುಷ್ಪ ಪ್ರದರ್ಶನ, ಆಹಾರ ಮೇಳ, ಚಾಮುಂಡಿ ಬೆಟ್ಟ ಅಂತೆಲ್ಲ ತುರುಕಬೇಡಿ. ಅದರ ಬದಲು ಅಮ್ಮನ ಜೊತೆ ಓದಿದ ಗೆಳತಿ ಯಾರಾದರೂ ಇನ್ನೂ ಮೈಸೂರಿನಲ್ಲಿದ್ದಾರಾ ವಿಚಾರಿಸಿ. ಇದ್ದರೆ ಅವರಿಂದಲೇ ಒಂದು ಫೋನ್ ಮಾಡಿಸಿ, "ನಮ್ಮ ಮನೆ ಗೊಂಬೆ ನೋಡೋಕೆ ಬಾರೇ" ಅಂತ. ನೀವು ವರ್ಷಗಟ್ಟಲೆ ಕರೆದರೂ ಆಗದ ಕೆಲಸ ಆ ಒಂದು ಫೋನಿಗೆ ಆಗುತ್ತದೆ.

ಪ್ರಶ್ನೆ: ಅಪ್ಪ ಪ್ರತಿ ವರ್ಷ ಚಾಮರಾಜಪೇಟೆಯ ಫೋರ್ಟ್ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿಗಳಿಗೆ ಹೋಗುತ್ತಿದ್ದರು. ಹೋದ ವರ್ಷ ಶ್ರವಣಯಂತ್ರ ಹಾಕಿಸಿದೆವು. ಈಗ "ಪಿಟೀಲು ತಗಡು ಕೆರೆದ ಹಾಗೆ ಕೇಳುತ್ತೆ" ಅಂತ ಹೋಗೋದನ್ನೇ ನಿಲ್ಲಿಸಿದ್ದಾರೆ. (ಬೆಂಗಳೂರು)

ಉತ್ತರ: ಅಪ್ಪ ಸುಳ್ಳು ಹೇಳುತ್ತಿಲ್ಲ. ಶ್ರವಣಯಂತ್ರವನ್ನು ಹೊಂದಿಸಿರೋದು ಮಾತು ಕೇಳಿಸಲಿ ಅಂತ. ಹಿಂದಿನ ಗದ್ದಲವನ್ನು ತಗ್ಗಿಸಿ ಮಾತನ್ನು ಎತ್ತಿ ಕೊಡೋದು ಅದರ ಕೆಲಸ. ಹಾಗಾಗಿ ತಂಬೂರಿಯ ಶ್ರುತಿಯನ್ನೂ ಗದ್ದಲ ಅಂತಲೇ ತಿಳಿದು ಅಮುಕಿಬಿಡಬಹುದು! ಯಂತ್ರ ಹಾಕಿದವರ ಹತ್ತಿರ ಹೋಗಿ ಸಂಗೀತಕ್ಕೆ ಬೇರೆ ಸೆಟ್ಟಿಂಗ್ ಬೇಕು ಅಂತ ಕೇಳಿ. ಈಗಿನ ಬಹಳಷ್ಟು ಯಂತ್ರಗಳಲ್ಲಿ ಅದಕ್ಕೆ ಅವಕಾಶ ಇದೆ. ಮನೆಯಲ್ಲಿ ಅವರಿಗೆ ಚೆನ್ನಾಗಿ ಗೊತ್ತಿರುವ ಒಂದು ಕೃತಿ ಹಾಕಿ ಎರಡೂ ಸೆಟ್ಟಿಂಗಿನಲ್ಲಿ ಕೇಳಿಸಿ. ಯಾವುದು ವಾಸಿ ಅಂತ ಅವರೇ ಹೇಳಲಿ, ಕಿವಿ ಅವರದ್ದಲ್ವಾ?

ಕಛೇರಿಯಲ್ಲಿ ಸ್ಪೀಕರಿನ ಎದುರು ಕೂರಿಸಬೇಡಿ. ಪ್ರೀತಿಯಿಂದ ಮುಂದಿನ ಸಾಲಿಗೆ ಕರೆದೊಯ್ಯುವವರು ಮಾಡೋದೇ ಇದನ್ನು. ಮಧ್ಯದ ಸಾಲುಗಳಲ್ಲಿ, ಗಾಯಕರ ಮುಖ ಕಾಣುವ ಹಾಗೆ ಕೂತರೆ ಸಾಹಿತ್ಯ ಹಿಡಿಯೋದು ಸುಲಭ. ಯಂತ್ರದ ವಾಲ್ಯೂಮ್ ಒಂದು ಹಂತ ಕಡಿಮೆ ಇರಲಿ, ಬ್ಯಾಟರಿ ಇನ್ನೊಂದು ಜೊತೆ ಜೇಬಲ್ಲಿರಲಿ. 1939ರಿಂದ ನಡೆದುಕೊಂಡು ಬಂದ ಉತ್ಸವ ಅದು. ಅಲ್ಲಿ ಅಪ್ಪನಿಗೆ ಮುಖಪರಿಚಯದ ರಸಿಕರು ಇದ್ದೇ ಇರುತ್ತಾರೆ. ಮೃದಂಗದಂಥ ತಾಳವಾದ್ಯಗಳಷ್ಟೇ ನುಡಿಯುವ ತನಿ ಆವರ್ತನದ ಹೊತ್ತಿಗೆ ಯಂತ್ರ ತೆಗೆದು ಕೈಯಲ್ಲಿ ಇಟ್ಟುಕೊಂಡರೂ ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಅಜ್ಜಿಗೆ ಯಕ್ಷಗಾನ ಅಂದರೆ ಹುಚ್ಚು. ಈಗ ಮರೆವು ಶುರುವಾಗಿದೆ, ನಮ್ಮ ಹೆಸರೂ ಒಮ್ಮೊಮ್ಮೆ ತಪ್ಪುತ್ತದೆ. ಆಟಕ್ಕೆ ಕರ್ಕೊಂಡು ಹೋಗಬಹುದಾ? (ಕುಂದಾಪುರ)

ಉತ್ತರ: ಖಂಡಿತ. ನಿಮ್ಮ ಹೆಸರು ಮರೆತವರು ಪದ್ಯ ಶುರುವಾದ ಕೂಡಲೇ ಮುಂದಿನ ಸಾಲು ಹೇಳಿದರೆ ಆಶ್ಚರ್ಯಪಡಬೇಡಿ, ಹಳೆಯ ಹಾಡು ತುಂಬಾ ದಿನ ಉಳಿಯುತ್ತದೆ. ಆದರೆ ರಾತ್ರಿಯಿಡೀ ಆಟ ಬೇಡ. ನಿದ್ದೆಗೆಟ್ಟರೆ ಗೊಂದಲ ಹೆಚ್ಚಾಗುತ್ತದೆ. ಕಾಲಮಿತಿ ಆಟ ನೋಡಿ, ಮೂರು ನಾಲ್ಕು ಗಂಟೆಯಲ್ಲಿ ಮುಗಿಯುತ್ತದೆ. ಅಜ್ಜಿಗೆ ಗೊತ್ತಿರುವ ಪ್ರಸಂಗವೇ ಇರಲಿ. ಚೆಂಡೆಯಿಂದ ದೂರ, ಬದಿಯಲ್ಲಿ ಕೂರಿಸಿ. ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಕೂಗಿಕೊಂಡು ಬಂದಾಗ ಹೆದರಿದರೆ ಕೈ ಹಿಡಿದು ಸ್ವಲ್ಪ ಹೊರಗೆ ಕರ್ಕೊಂಡು ಬನ್ನಿ, ಸಮಾಧಾನ ಆದರೆ ಮತ್ತೆ ಒಳಗೆ. ನಿಮ್ಮ ಫೋನ್ ನಂಬರ್ ಬರೆದ ಚೀಟಿ ಅವರ ಮೈಮೇಲೆ ಇರಲಿ. ಜಾತ್ರೆ ಗದ್ದಲದಲ್ಲಿ ಒಂದು ನಿಮಿಷ ಕಣ್ಣು ತಪ್ಪಿದರೂ ಸಾಕು. ಮಳೆಗಾಲದಲ್ಲಿ ಮೇಳಗಳು ತಿರುಗಾಟ ನಿಲ್ಲಿಸಿದಾಗ ಕೂತಲ್ಲೇ ಪದ್ಯ, ಮಾತುಗಳಲ್ಲಿ ಪ್ರಸಂಗ ನಡೆಸುವ ತಾಳಮದ್ದಲೆ ಇರುತ್ತದಲ್ಲ, ಸಭಾಂಗಣದೊಳಗೆ, ವೇಷ ಇಲ್ಲ, ನೂಕುನುಗ್ಗಲಿಲ್ಲ, ಅಜ್ಜಿಗೆ ಅದು ಇನ್ನೂ ಹಿತವಾಗಬಹುದು.

ಪ್ರಶ್ನೆ: ನಮ್ಮ ಬಡಾವಣೆಯಲ್ಲಿ ಮೂರು ದಿನ ಸಂಗೀತೋತ್ಸವ ಮಾಡುತ್ತೇವೆ. ಹಿರಿಯರಿಗಾಗಿಯೇ ಮಾಡೋದು, ಆದರೆ ಹಿರಿಯರೇ ಬರೋದಿಲ್ಲ. (ದಾವಣಗೆರೆ)

ಉತ್ತರ: ಆಹ್ವಾನಪತ್ರಿಕೆಯಲ್ಲಿ ಆರು ಗಂಟೆ ಅಂತ ಹಾಕಿ, ಉದ್ಘಾಟನೆ, ಸನ್ಮಾನ, ಅಧ್ಯಕ್ಷರ ನುಡಿ ಎಲ್ಲ ಮುಗಿಸಿ ಎಂಟಕ್ಕೆ ಹಾಡು ಶುರು ಮಾಡಿದರೆ ಎಂಬತ್ತು ವರ್ಷದವರು ಯಾಕೆ ಬರ್ತಾರೆ? ಅವರ ಊಟದ ಹೊತ್ತೇ ಎಂಟು. ಐದಕ್ಕೆ ಹಾಡು ಶುರು ಮಾಡಿ, ಭಾಷಣ ಕೊನೆಯಲ್ಲಿ ಇಟ್ಟುಕೊಳ್ಳಿ, ಬೇಕಾದವರು ಕೂತು ಕೇಳಲಿ. ಕೈ ಇರುವ ಕುರ್ಚಿ ಹಾಕಿಸಿ, ಕೈ ಇಲ್ಲದ ಕುರ್ಚಿಯಿಂದ ಏಳೋದು ಅವರಿಗೆ ಕಷ್ಟ. ಗಣ್ಯರಿಗೆ ಅಂತ ಮುಂದೆ ಹಾಕುವ ಸೋಫಾ ಇನ್ನೂ ಕಷ್ಟ, ಕೂತರೆ ಒಳಗೇ ಇಳಿದುಬಿಡುತ್ತಾರೆ. ಶೌಚಾಲಯದ ದಾರಿಗೆ ಒಂದು ಲೈಟು ಹಾಕಿಸಿ, ಪೆಂಡಾಲಿನ ವೈರು ನಡೆಯುವ ಜಾಗದಲ್ಲಿ ಅಡ್ಡ ಇರಬಾರದು. ಒಬ್ಬರೇ ಇರುವ ಹಿರಿಯರ ಪಟ್ಟಿ ಮಾಡಿ, ನಿಮ್ಮ ಹುಡುಗರು ಹಿಂದಿನ ದಿನ ಮನೆಗೆ ಹೋಗಿ "ನಾಳೆ ನಾಲ್ಕೂವರೆಗೆ ಆಟೋ ತರ್ತೀವಿ, ರೆಡಿ ಇರಿ" ಅಂತ ಹೇಳಿ ಬರಲಿ. ಆಟೋ ನಾಲ್ಕೂವರೆಗೇ ಬರಬೇಕು. ಅವರು ನಾಲ್ಕಕ್ಕೇ ಚಪ್ಪಲಿ ಹಾಕಿಕೊಂಡು ಕೂತಿರುತ್ತಾರೆ.