ಹಳೇ ರೋಮನ್ ಬೆಳ್ಳಿ ನಾಣ್ಯ ಯಾವ ರಾಜಂದು ಅಂತ ಗುರುತಿಸೋದು ಹೇಗೆ?

ಮೊದಲು ತೂಕ ನೋಡಿ. ರೋಮನ್ ಬೆಳ್ಳಿ ನಾಣ್ಯ ಅಂದ್ರೆ ಹೆಚ್ಚಾಗಿ ಡೆನಾರಿಯಸ್ಸೇ, ಅಗಲ 18-19 ಮಿ.ಮೀ., ಮೊದಲ ರೋಮನ್ ಚಕ್ರವರ್ತಿ ಅಗಸ್ಟಸ್ ಕಾಲದ್ದು 3.8 ಗ್ರಾಂ ಆಸುಪಾಸು ಬರುತ್ತೆ, ಆಮೇಲೆ ಕ್ರಿ.ಶ. 64ರ ಹೊತ್ತಿಗೆ ನೀರೋ ಚಕ್ರವರ್ತಿ ತೂಕನೂ ಬೆಳ್ಳಿನೂ ಎರಡನ್ನೂ ಇಳಿಸಿಬಿಟ್ಟ, ಹಾಗಾಗಿ ಅಲ್ಲಿಂದ ಮುಂದಿನವು ಇನ್ನೂ ಹಗುರ. ರಾಜನ ತಲೆ ಮೇಲೆ ಮುಳ್ಳುಮುಳ್ಳಾಗಿ ಸೂರ್ಯಕಿರಣದ ಕಿರೀಟ ಇದ್ರೆ ಅದು ಸಾಮಾನ್ಯವಾಗಿ ಕ್ಯಾರಕಲ್ಲಾ ಚಕ್ರವರ್ತಿ ಕ್ರಿ.ಶ. 215ರಲ್ಲಿ ಶುರು ಮಾಡಿದ ಆಂಟೋನಿನಿಯಾನಸ್ ಅನ್ನೋ ಬೇರೆ ಬೆಳ್ಳಿ ನಾಣ್ಯ.

ಮುಖ ನೋಡಿ ರಾಜನ್ನ ಹೇಳೋಕೆ ಹೋಗ್ಬೇಡಿ, ಅರ್ಧಕ್ಕರ್ಧ ಒಂದೇ ಥರ ಕಾಣ್ತಾರೆ! ಸುತ್ತಲಿನ ಅಕ್ಷರ ಓದಿ, ‘ಯು’ ಬದಲು ‘ವಿ’ ಇರುತ್ತೆ, ಪದಗಳ ಮಧ್ಯೆ ಗ್ಯಾಪ್ ಕೂಡ ಇರಲ್ಲ. ‘ಸಿಒಎಸ್’ ಅಂದ್ರೆ ಕಾನ್ಸಲ್ ಅನ್ನೋ ರೋಮಿನ ದೊಡ್ಡ ಪದವಿ, ಪಕ್ಕದ ರೋಮನ್ ಅಂಕಿ ಅದು ಎಷ್ಟನೇ ಸಲ ಅಂತ ಹೇಳುತ್ತೆ, ಅದರಿಂದ ಇಸವಿ ಅಂದಾಜು ಮಾಡಬಹುದು. ಹಿಂಬದಿ ಕುರ್ಚಿ ಮೇಲೆ ಕೂತ ಹೆಂಗಸು, ‘ಪಾಂಟಿಫ್ ಮ್ಯಾಕ್ಸಿಮ್’ (ಮುಖ್ಯ ಪುರೋಹಿತ) ಅಂತ ಬರಹ ಇದ್ರೆ ಟೈಬೀರಿಯಸ್ ಚಕ್ರವರ್ತಿದು ಇರೋ ಚಾನ್ಸ್ ಜಾಸ್ತಿ, ದಕ್ಷಿಣ ಭಾರತದ ನಿಧಿಗಳಲ್ಲಿ ಇದು ತುಂಬಾ ಸಿಕ್ಕಿದೆ, ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಟೈಬೀರಿಯಸ್ ನಾಣ್ಯ ಸಿಕ್ಕಿತ್ತು.

ಅಂಚಲ್ಲಿ ಸುತ್ತಲೂ ಜೋಡಿಸಿದ ಗೆರೆ, ಮೈಮೇಲೆ ಸಣ್ಣ ಗುಳ್ಳೆ ಕಂಡ್ರೆ ಅಚ್ಚಿಗೆ ಹೊಯ್ದ ನಕಲಿ ಅಂತ ಅನುಮಾನ ಪಡಿ, ಅಸಲಿಯನ್ನ ಸುತ್ತಿಗೆಯಲ್ಲಿ ಹೊಡೆದು ಮಾಡ್ತಿದ್ರು. ಮತ್ತೆ ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಬೆಲೆ ಅಲ್ಲೇ ಹೋಯ್ತು.