ಸದ್ಯಕ್ಕೆ ಎಂಐಟಿ ಲೈಸೆನ್ಸ್ ಹಾಕಿ, ಪೇಟೆಂಟ್ ಕಲಮು ಬೇಕಾದಾಗ ಅಪಾಚೆಗೆ ಬದಲಾಯಿಸಬಹುದೇ?

ಬೆಂಗಳೂರಿನಲ್ಲಿ ಐದು ಜನರ ಕಂಪನಿ, ಓಪನ್ ಸೋರ್ಸ್ ಮಾಡಲು ಹೊರಟ ಒಂದು ಲೈಬ್ರರಿ, ಭಾರತದಲ್ಲಿ ಸಾಫ್ಟ್‌ವೇರ್‌ಗೆ ಪೇಟೆಂಟೇ ಇಲ್ಲವಲ್ಲ ಅನ್ನುವ ಧೈರ್ಯ, ಅಪಾಚೆ ಹಾಕಿದರೆ ನಮ್ಮ ಪೇಟೆಂಟ್‌ಗಳೆಲ್ಲ ಹೋಗುತ್ತವೇನೋ ಅನ್ನುವ ಭಯ. ನಿಮ್ಮ ಪ್ರಶ್ನೆಯಲ್ಲಿರುವ ಇಷ್ಟೂ ನಮ್ಮಲ್ಲಿ ಇತ್ತು. ಎಂಐಟಿ, ಅಪಾಚೆ ಎರಡೂ ನಮ್ಮ ಕೋಡನ್ನು ಬೇರೆಯವರು ಬಳಸಲು ಬಿಡುವ ಓಪನ್ ಸೋರ್ಸ್ ಲೈಸೆನ್ಸ್‌ಗಳು; ಪೇಟೆಂಟ್ ಬಗ್ಗೆ ಪ್ರತ್ಯೇಕ ಕಲಮು ಇರುವುದು ಅಪಾಚೆಯಲ್ಲಿ, ಎಂಐಟಿಯಲ್ಲಿ ಇಲ್ಲ. ಉತ್ತರ ಮೊದಲೇ ಹೇಳಿಬಿಡುತ್ತೇನೆ: ಆಮೇಲೆ ಬದಲಾಯಿಸಲು ಆಗುವುದಿಲ್ಲ. ಲೈಸೆನ್ಸ್ ಫೈಲ್ ಬದಲಾಗುತ್ತದೆ, ಪೇಟೆಂಟ್ ಪರವಾನಗಿ ಹುಟ್ಟುವುದಿಲ್ಲ.

ನಮ್ಮದು ಸೆನ್ಸರ್‌ಗಳಿಂದ ಬರುವ ಡೇಟಾವನ್ನು ಕಂಪ್ರೆಸ್ ಮಾಡುವ ಲೈಬ್ರರಿ. ಎಂಐಟಿ ಲೈಸೆನ್ಸಿನಲ್ಲಿ ಬಿಟ್ಟಿದ್ದೆವು. ಹೊರಗಿನವರೊಬ್ಬರು ಟೈಮ್‌ಸ್ಟ್ಯಾಂಪ್‌ಗಳನ್ನು ತೀರಾ ಕಡಿಮೆ ಬಿಟ್‌ಗಳಲ್ಲಿ ಕೂರಿಸುವ ಮಾಡ್ಯೂಲ್ ಬರೆದು ಪುಲ್ ರಿಕ್ವೆಸ್ಟ್ (ಇದನ್ನು ನಿಮ್ಮ ಕೋಡಿಗೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳಿಸಿದರು. ಕೋಡು ಚೊಕ್ಕವಾಗಿತ್ತು, ಮರ್ಜ್ ಮಾಡಿದೆವು. ಅವರು ಚಿಪ್ ತಯಾರಿಸುವ ಕಂಪನಿಯೊಂದರ ಉದ್ಯೋಗಿ ಅನ್ನುವುದು ಕಮಿಟ್‌ನ (ಕೋಡು ಬದಲಾವಣೆಯ ದಾಖಲೆಯ) ಇಮೇಲ್ ವಿಳಾಸದಲ್ಲೇ ಇತ್ತು, ಯಾರೂ ಗಮನಿಸಲಿಲ್ಲ. ಮುಂದೆ ಮೀಟರ್ ತಯಾರಿಸುವ ಗ್ರಾಹಕರೊಬ್ಬರು ಈ ಲೈಬ್ರರಿಯನ್ನು ತಮ್ಮ ಸಾಧನದಲ್ಲಿ ಹಾಕಲು ಬಂದರು. ಅವರ ಕಾನೂನು ವಿಭಾಗ ಕಳಿಸಿದ ಪಟ್ಟಿಯಲ್ಲಿ ಒಂದು ಸಾಲು: ಈ ಮಾಡ್ಯೂಲ್ ಮಟ್ಟಿಗೆ ಪೇಟೆಂಟ್ ಪರವಾನಗಿ ಕೊಟ್ಟವರು ಯಾರು?

ನಾವು ರೆಪೊದ (ಕೋಡು ಇಟ್ಟ ಜಾಗದ) ಲೈಸೆನ್ಸ್ ಫೈಲ್ ತೆಗೆದು ಅಪಾಚೆ 2.0ರ ಪಠ್ಯ ಇಟ್ಟು, ಹೊಸ ಆವೃತ್ತಿ ಬಿಟ್ಟು, "ಈಗ ಪೇಟೆಂಟ್ ಪರವಾನಗಿ ಇದೆ" ಎಂದು ಉತ್ತರ ಬರೆದೆವು. ತಪ್ಪಾದದ್ದು ಇಲ್ಲಿ. ಒಂದೇ ತಪ್ಪಿನೊಳಗೆ ಮೂರು ಪದರ ಇರುವುದರಿಂದ ಬಿಡಿಸಿ ಹೇಳುತ್ತೇನೆ.

ಮೊದಲ ಪದರ. ಅಪಾಚೆ 2.0ರ 3ನೇ ಕಲಮು ಓದಿ. ಪೇಟೆಂಟ್ ಪರವಾನಗಿ ಕೊಡುವವರು "ಪ್ರತಿಯೊಬ್ಬ ಕಾಂಟ್ರಿಬ್ಯೂಟರ್", ಅಂದರೆ ಕೋಡು ಕೊಟ್ಟ ಪ್ರತಿಯೊಬ್ಬರು. ಹಾಗೆ ಕೊಟ್ಟಂತಾಗುವುದು ಅವರು ಆ ಲೈಸೆನ್ಸಿನಡಿ ಕೋಡು ಸಲ್ಲಿಸಿದಾಗ. ಸಲ್ಲಿಸಿದ್ದೆಲ್ಲ ಇದೇ ಷರತ್ತಿನಡಿ ಬಂದಂತೆ ಅನ್ನುವುದು 5ನೇ ಕಲಮು. ನಮ್ಮ ಮಾಡ್ಯೂಲ್ ಬರೆದವರು ಸಲ್ಲಿಸಿದ್ದು ಎಂಐಟಿ ಅಡಿಯಲ್ಲಿ. ಎಂಐಟಿ ಕೋಡನ್ನು ಅಪಾಚೆ ಪ್ರಾಜೆಕ್ಟಿನೊಳಗೆ ಇಟ್ಟುಕೊಳ್ಳಲು ಯಾರನ್ನೂ ಕೇಳಬೇಕಿಲ್ಲ, ಹಳೆಯ ಕಾಪಿರೈಟ್ ಸಾಲು ಮತ್ತು ಎಂಐಟಿ ಪಠ್ಯ ಉಳಿಸಿಕೊಂಡರೆ ಆಯಿತು. ಆದರೆ ಅವರು ಎಂದೂ ಕೊಡದ ಪೇಟೆಂಟ್ ಪರವಾನಗಿಯನ್ನು ಅವರ ಪರವಾಗಿ ನಾವು ಕೊಡಲು ಬರುವುದಿಲ್ಲ. ಎಂಐಟಿಯಲ್ಲಿ "ಬಳಸಬಹುದು, ಮಾರಬಹುದು" ಎಂಬ ಪದಗಳಿವೆ. ಬಳಕೆ, ಮಾರಾಟ ಇವು ಪೇಟೆಂಟ್ ಕಾನೂನಿನ ಮಾತುಗಳಾದ್ದರಿಂದ ಅದರಲ್ಲೇ ಸೂಚ್ಯವಾಗಿ ಪರವಾನಗಿ ಅಡಗಿದೆ ಎಂದು ವಾದಿಸುವ ವಕೀಲರಿದ್ದಾರೆ. ವಾದ ಗಟ್ಟಿಯೇ ಇರಬಹುದು. ಆದರೆ ಲಕ್ಷಗಟ್ಟಲೆ ಸಾಧನ ಮಾರುವವರು ಕೋರ್ಟಿನಲ್ಲಿ ವಾದಿಸಿ ಗೆಲ್ಲಬೇಕಾದ ಪರವಾನಗಿಯನ್ನು ಪರವಾನಗಿ ಎಂದು ಲೆಕ್ಕ ಹಿಡಿಯುವುದಿಲ್ಲ.

ಎರಡನೆಯ ಪದರ. ನಾವು ಆ ಡೆವಲಪರ್‌ಗೆ ಬರೆದೆವು. ಅವರು ಒಳ್ಳೆಯವರು, "ನನ್ನ ಹಳೆಯ ಕೊಡುಗೆಗಳನ್ನೂ ಅಪಾಚೆ 2.0 ಅಡಿ ಕೊಡುತ್ತೇನೆ" ಎಂದು ಅದೇ ದಿನ ರೆಪೊದ ಇಶ್ಯೂ ಚರ್ಚೆಯಲ್ಲಿ ಬರೆದುಕೊಟ್ಟರು. ಅದೂ ಸಾಲಲಿಲ್ಲ. 3ನೇ ಕಲಮಿನ ಪರವಾನಗಿ ವ್ಯಾಪಿಸುವುದು ಆ ಕಾಂಟ್ರಿಬ್ಯೂಟರ್‌ಗೆ ಕೊಡುವ ಹಕ್ಕಿರುವ ಪೇಟೆಂಟ್‌ಗಳಿಗೆ ಮಾತ್ರ. ಉದ್ಯೋಗಿಯ ಸಂಶೋಧನೆಯ ಹಕ್ಕು ಸಾಮಾನ್ಯವಾಗಿ ಉದ್ಯೋಗದ ಕರಾರಿನ ಮೂಲಕ ಕಂಪನಿಗೆ ಹೋಗಿರುತ್ತದೆ. ಅಂದರೆ ಅವರು ಕೊಟ್ಟದ್ದು ಖಾಲಿ ಚೀಲ. ಕೊಡಬೇಕಾದದ್ದು ಅವರ ಕಂಪನಿ, ಸಹಿ ಮಾಡುವ ಅಧಿಕಾರ ಇರುವವರ ಕೈಯಿಂದ. ಆ ಲೈಸೆನ್ಸ್ ಬರೆದ ಅಪಾಚೆ ಫೌಂಡೇಶನ್ ವ್ಯಕ್ತಿಗೊಂದು, ಕಂಪನಿಗೊಂದು ಅಂತ ಎರಡು ಬೇರೆ ಕಾಂಟ್ರಿಬ್ಯೂಟರ್ ಒಪ್ಪಂದ ಇಟ್ಟುಕೊಂಡಿರುವುದರ ಹಿಂದೆ ಈ ಲೆಕ್ಕವಿದೆ. ಆ ಕಂಪನಿ ಸಹಿ ಹಾಕಲಿಲ್ಲ. ಅವರ ಬಳಿ ನಿಜಕ್ಕೂ ಅಂಥ ಪೇಟೆಂಟ್ ಇತ್ತೇ ಎಂಬುದು ನಮಗೆ ಗೊತ್ತೂ ಆಗಲಿಲ್ಲ. ಗ್ರಾಹಕರನ್ನು ಹಿಂಜರಿಸಲು ಅನುಮಾನವೇ ಸಾಕಾಯಿತು.

ಮೂರನೆಯದು ಎಲ್ಲಕ್ಕಿಂತ ದುಬಾರಿ. ಮಾಡ್ಯೂಲನ್ನು ನಾವೇ ಹೊಸದಾಗಿ ಬರೆಯೋಣ ಎಂದು ಕೂತೆವು. ಹಳೆಯ ಕೋಡು ನೋಡದ ಒಬ್ಬರನ್ನು ಕೂರಿಸಿ, ಫಾರ್ಮ್ಯಾಟ್ ವಿವರಣೆ ಮಾತ್ರ ಕೊಟ್ಟು, ಮೊದಲಿಂದ ಬರೆಸಿದೆವು. ಇದು ಕಾಪಿರೈಟ್ ತೊಡಕಿಗೆ ಮದ್ದು, ಮತ್ತು ನಮಗೆ ಕಾಪಿರೈಟ್ ತೊಡಕು ಇರಲೇ ಇಲ್ಲ, ಎಂಐಟಿ ಅದನ್ನು ಆಗಲೇ ಕೊಟ್ಟಿತ್ತು. ಪೇಟೆಂಟ್ ಕಾಯುವುದು ವಿಧಾನವನ್ನು. ನೀವು ಯಾರ ಕೋಡನ್ನೂ ನೋಡದೆ, ಸ್ವಂತ ತಲೆಯಿಂದ ಅದೇ ವಿಧಾನ ಬರೆದರೂ ಉಲ್ಲಂಘನೆ ಉಲ್ಲಂಘನೆಯೇ. ವಾರಗಟ್ಟಲೆ ಬರೆದ ಹೊಸ ಕೋಡು ಅದೇ ವಿಧಾನದ್ದಾಗಿತ್ತು. ಕೊನೆಗೆ ವಿಧಾನವನ್ನೇ ಬಿಟ್ಟು ಹಳೆಯ ಸಾದಾ ಡೆಲ್ಟಾ ಎನ್‌ಕೋಡಿಂಗ್‌ಗೆ (ಹಿಂದಿನ ಮೌಲ್ಯದಿಂದ ಎಷ್ಟು ವ್ಯತ್ಯಾಸ ಎಂದಷ್ಟೇ ಬರೆಯುವುದು) ಮರಳಿದೆವು. ಫೈಲ್ ಗಾತ್ರ ಹೆಚ್ಚಾಯಿತು, ಆರ್ಡರ್ ಆ ವೇಳೆಗೆ ಕೈತಪ್ಪಿತ್ತು. ಪೇಟೆಂಟ್ ಅವಧಿ ಅರ್ಜಿಯಿಂದ 20 ವರ್ಷ. ಅದಕ್ಕಿಂತ ಸಾಕಷ್ಟು ಹಿಂದೆಯೇ ಪೂರ್ತಿ ವಿವರದೊಂದಿಗೆ ಪ್ರಕಟವಾದ ವಿಧಾನವನ್ನು ಯಥಾವತ್ ಬಳಸಿದರೆ ನೆಮ್ಮದಿ. ಅದರ ಮೇಲೆ ಮಾಡಿದ ಹೊಸ ಸುಧಾರಣೆಗೆ ಈ ಮಾತು ಅನ್ವಯಿಸದು.

ಇನ್ನು "ಭಾರತದಲ್ಲಿ ಸಾಫ್ಟ್‌ವೇರ್ ಪೇಟೆಂಟ್ ಇಲ್ಲ" ಅನ್ನುವ ನಿಮ್ಮ ಆಧಾರವನ್ನೇ ನಾನು ಒಪ್ಪುವುದಿಲ್ಲ. 1970ರ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಕೆ) ಹೊರಗಿಡುವುದು ಕಂಪ್ಯೂಟರ್ ಪ್ರೋಗ್ರಾಂ "ಪರ್ ಸೆ", ಅಂದರೆ ಬರೀ ಪ್ರೋಗ್ರಾಂ ಆಗಿರುವುದನ್ನು. ತಾಂತ್ರಿಕ ಪರಿಣಾಮ ತೋರಿಸಿದರೆ ದಾರಿ ತೆರೆದಿದೆ. 2019ರ ಡಿಸೆಂಬರಿನಲ್ಲಿ ಫರೀದ್ ಅಲ್ಲಾನಿ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ಇದೇ ದಿಕ್ಕಿನಲ್ಲಿ ಹೇಳಿದೆ. ಅದು ಹಾಗಿರಲಿ, ಪೇಟೆಂಟ್ ದೇಶದೇಶಕ್ಕೆ ಬೇರೆ. ನಿಮ್ಮ ಲೈಬ್ರರಿ ಹಾಕಿದ ಸಾಧನ ಅಮೆರಿಕದಲ್ಲಿ ಮಾರಾಟವಾದರೆ ಅಲ್ಲಿನ ಪೇಟೆಂಟ್ ಲೆಕ್ಕಕ್ಕೆ ಬರುತ್ತದೆ, ಜಯನಗರದಲ್ಲಿ ಕೂತು ಕೋಡು ಬರೆದಿರಿ ಅನ್ನುವುದು ಅಲ್ಲಿ ಉತ್ತರವಾಗದು.

ನಿಮ್ಮ ಭಯದ ಬಗ್ಗೆ. ಅಪಾಚೆಯಲ್ಲಿ ನೀವು ಕೊಡುವುದು, ನಿಮ್ಮ ಕೊಡುಗೆಯಷ್ಟೇ ಇದ್ದರೆ, ಅಥವಾ ಅದನ್ನು ಸಲ್ಲಿಸಿದ ಪ್ರಾಜೆಕ್ಟಿನ ಜೊತೆ ಸೇರಿದರೆ, ಅನಿವಾರ್ಯವಾಗಿ ಉಲ್ಲಂಘನೆಯಾಗುವ ನಿಮ್ಮ ಪೇಟೆಂಟ್ ಕ್ಲೇಮ್‌ಗಳಿಗೆ (ಪೇಟೆಂಟ್ ಕಾಯುವ ಅಂಶಗಳಿಗೆ) ಪರವಾನಗಿ. ಕಂಪನಿಯ ಉಳಿದ ಪೇಟೆಂಟ್‌ಗಳು ನಿಮ್ಮಲ್ಲೇ ಇರುತ್ತವೆ. ಒಂದನ್ನು ಮರೆಯಬೇಡಿ: ನೀವು ಬಿಡುವ ಮೊದಲ ಆವೃತ್ತಿಯೂ "ಕೊಡುಗೆ"ಯೇ, ಅದರಲ್ಲಿರುವುದಕ್ಕೆಲ್ಲ ಪರವಾನಗಿ ಕೊಟ್ಟಂತೆಯೇ. ಇನ್ನೊಂದು ಓಪನ್ ಸೋರ್ಸ್ ಲೈಸೆನ್ಸ್ ಆದ 2007ರ ಜಿಪಿಎಲ್ 3ರಲ್ಲಿ ಹರವು ಇನ್ನೂ ದೊಡ್ಡದು. ಅಲ್ಲಿ ನಿಮ್ಮ ಆವೃತ್ತಿಯಲ್ಲಿರುವ ಬೇರೆಯವರ ಭಾಗವೂ ಸೇರಿ ಇಡೀ ಪ್ರೋಗ್ರಾಂ ಲೆಕ್ಕಕ್ಕೆ ಬರುತ್ತದೆ, ಮುಂದೆ ನೀವು ಕೊಳ್ಳುವ ಪೇಟೆಂಟ್ ಕೂಡ. ನಿಮ್ಮದೇ ಸಂಶೋಧನೆಗೆ ಪೇಟೆಂಟ್ ಬೇಕಿದ್ದರೆ ರೆಪೊ ಸಾರ್ವಜನಿಕ ಮಾಡುವ ಮುನ್ನ ಅರ್ಜಿ ಹಾಕಿ. ಅಮೆರಿಕದಲ್ಲಿ ಪ್ರಕಟಿಸಿದ ಮೇಲೂ ಒಂದು ವರ್ಷ ಸಮಯವಿದೆ, ಇಲ್ಲಿ ಅಂಥ ಸಾಮಾನ್ಯ ರಿಯಾಯಿತಿ ಇಲ್ಲ. ಭಾರತದ ನಿವಾಸಿ ಹೊರದೇಶದಲ್ಲಿ ಅರ್ಜಿ ಹಾಕುವುದಾದರೆ, ಮೊದಲು ಇಲ್ಲಿ ಹಾಕಿ ಆರು ವಾರ ಕಾಯಬೇಕು ಅಥವಾ ಮುಂಗಡ ಅನುಮತಿ ಪಡೆಯಬೇಕು. ಅದು ಸೆಕ್ಷನ್ 39.

ಅಪಾಚೆಯಲ್ಲಿರುವ, ದಾವೆ ಹೂಡಿದರೆ ಪರವಾನಗಿ ರದ್ದಾಗುವ ಕಲಮಿಗೆ ಹೆದರುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಇರುವುದು ವೆಬ್ ಪುಟ ಕಟ್ಟುವ ಫೇಸ್‌ಬುಕ್‌ನ ಲೈಬ್ರರಿ ರಿಯಾಕ್ಟ್‌ನ ಗಲಾಟೆ. ಆಗ ಫೇಸ್‌ಬುಕ್ ಬಿಎಸ್‌ಡಿ ಲೈಸೆನ್ಸ್ ಜೊತೆ ಪ್ರತ್ಯೇಕ ಪೇಟೆಂಟ್ ಫೈಲ್ ಇಟ್ಟಿತ್ತು: ರಿಯಾಕ್ಟ್‌ಗೆ ಸಂಬಂಧವೇ ಇಲ್ಲದ ಪೇಟೆಂಟ್ ವಿಷಯಕ್ಕೆ ಫೇಸ್‌ಬುಕ್ ಮೇಲೆ ದಾವೆ ಹೂಡಿದರೂ ರಿಯಾಕ್ಟ್‌ನ ಪೇಟೆಂಟ್ ಪರವಾನಗಿ ಹೋಗುತ್ತಿತ್ತು. 2017ರ ಜುಲೈಯಲ್ಲಿ ಅಪಾಚೆ ಫೌಂಡೇಶನ್ ತನ್ನ ಪ್ರಾಜೆಕ್ಟ್‌ಗಳಲ್ಲಿ ಅಂಥ ಕೋಡನ್ನು ನಿಷೇಧಿಸಿತು, ಸೆಪ್ಟೆಂಬರಿನಲ್ಲಿ ರಿಯಾಕ್ಟ್ 16 ಎಂಐಟಿ ಅಡಿ ಬಂತು. ಅಪಾಚೆ 2.0ರ ಕಲಮು ಅಷ್ಟು ಅಗಲವಿಲ್ಲ. ಆ ಸಾಫ್ಟ್‌ವೇರೇ ನಿಮ್ಮ ಪೇಟೆಂಟ್ ಉಲ್ಲಂಘಿಸುತ್ತದೆ ಎಂದು ದಾವೆ ಹೂಡಿದರೆ ಮಾತ್ರ, ಆ ಸಾಫ್ಟ್‌ವೇರಿನ ಪೇಟೆಂಟ್ ಪರವಾನಗಿ ಮಾತ್ರ ರದ್ದು. ಪ್ರತಿದಾವೆಯೂ ಇದರಲ್ಲಿ ಸೇರುತ್ತದೆ. ಮೊಜಿಲ್ಲಾದ ಎಂಪಿಎಲ್ 2.0 ಲೈಸೆನ್ಸ್ ಪ್ರತಿದಾವೆಯನ್ನು ಹೊರಗಿಟ್ಟಿದೆ, ಆದರೆ ರದ್ದಾದಾಗ ಕಾಪಿರೈಟ್ ಪರವಾನಗಿಯನ್ನೂ ಕಿತ್ತುಕೊಳ್ಳುತ್ತದೆ. ನನಗೆ ಅಪಾಚೆಯ ಅಳತೆ ಸರಿ ಅನಿಸುತ್ತದೆ.

ನೀವು ಮಾಡಬೇಕಾದದ್ದು ಇಷ್ಟು. ಮೊದಲ ಹೊರಗಿನ ಪುಲ್ ರಿಕ್ವೆಸ್ಟ್ ಬರುವ ಮುನ್ನವೇ ಅಪಾಚೆ 2.0 ಹಾಕಿ. ಜಿಪಿಎಲ್ 2 ಮಾತ್ರ ಇರುವ ಪ್ರೋಗ್ರಾಂಗಳೊಳಗೆ ನಿಮ್ಮ ಲೈಬ್ರರಿ ಹೋಗಬೇಕಿದ್ದರೆ ಬರೀ ಅಪಾಚೆ ಹೊಂದದು. ಆಗ ರಸ್ಟ್ ಪ್ರೋಗ್ರಾಮಿಂಗ್ ಭಾಷೆಯವರಂತೆ "ಎಂಐಟಿ ಅಥವಾ ಅಪಾಚೆ 2.0" ಎಂದು ಎರಡನ್ನೂ ಕೊಡಿ, ಬರುವ ಕೊಡುಗೆಗಳೂ ಎರಡರ ಅಡಿಯಲ್ಲೇ ಎಂದು ರೀಡ್‌ಮಿಯಲ್ಲಿ ಬರೆಯಿರಿ. ಆ ಸಾಲಿಲ್ಲದಿದ್ದರೆ ಯಾವುದರಡಿ ಬಂತು ಎಂಬ ಜಗಳ ಉಳಿಯುತ್ತದೆ. ಪ್ರತಿ ಫೈಲಿನ ತಲೆಗೆ ಎಸ್‌ಪಿಡಿಎಕ್ಸ್ ಸಾಲು (ಯಾವ ಲೈಸೆನ್ಸ್ ಎಂದು ಹೇಳುವ ಗುರುತು) ಇರಲಿ. ಕಮಿಟ್‌ಗೆ ಸೈನ್-ಆಫ್ (ಈ ಕೋಡು ಕೊಡುವ ಹಕ್ಕು ನನಗಿದೆ ಎಂಬ ಹೇಳಿಕೆ) ಕೇಳುವುದು ಒಳ್ಳೆಯದು, ಆದರೆ ಅದರಲ್ಲಿ ಪೇಟೆಂಟ್ ಮಾತಿಲ್ಲ. ಲೈಸೆನ್ಸ್ ಏನು ಕೊಡುತ್ತದೋ ಅಷ್ಟೇ. ಹಾಗಾಗಿ ಎಂಐಟಿ ಜೊತೆ ಸೈನ್-ಆಫ್ ಸೇರಿಸಿದರೆ ಪೇಟೆಂಟ್ ವಿಷಯದಲ್ಲಿ ಏನೂ ಹೆಚ್ಚಾಗದು.

ಆಗಲೇ ಎಂಐಟಿಯಲ್ಲಿ ಬಿಟ್ಟಿದ್ದರೆ, ಕೋಡಿನ ಇತಿಹಾಸ ಇಡುವ ಗಿಟ್‌ನ ಶಾರ್ಟ್‌ಲಾಗ್ ಆಜ್ಞೆ ಓಡಿಸಿ ಹೆಸರು ಮತ್ತು ಇಮೇಲ್ ಪಟ್ಟಿ ತೆಗೆಯಿರಿ. ಹಲವು ಕಮಿಟ್‌ಗಳನ್ನು ಒಂದಾಗಿಸಿ (ಸ್ಕ್ವಾಶ್ ಮಾಡಿ) ಮರ್ಜ್ ಮಾಡಿದ್ದರೆ ಸಹಲೇಖಕರು ಕಮಿಟ್ ಸಂದೇಶದೊಳಗೆ ಅಡಗಿರುತ್ತಾರೆ, ಅದನ್ನೂ ಹುಡುಕಿ. ಕಾಗುಣಿತ ತಿದ್ದಿದವರ ಹಿಂದೆ ಬೀಳಬೇಡಿ. ಹೊಸ ವಿಧಾನ ತಂದವರನ್ನು ಬೇರೆ ಮಾಡಿ, ಅವರ ಸಾಲುಗಳು ಇನ್ನೂ ಉಳಿದಿವೆಯೇ ಎಂದು, ಯಾವ ಸಾಲು ಯಾರದೆಂದು ತೋರಿಸುವ ಗಿಟ್ ಬ್ಲೇಮ್‌ನಲ್ಲಿ ನೋಡಿ. ಸಾಲು ಉಳಿಯದಿದ್ದರೂ ವಿಧಾನ ಉಳಿದಿದ್ದರೆ ಪಟ್ಟಿಯಲ್ಲೇ ಇರಲಿ. ಕಂಪನಿ ಇಮೇಲ್ ಇದ್ದವರಲ್ಲಿ ಕಂಪನಿಯ ಸಹಿಯನ್ನೇ ಕೇಳಿ. ಸ್ವಂತ ಜಿಮೇಲ್‌ನಿಂದ ಕಳಿಸಿದವರನ್ನೂ ಎಲ್ಲಿ ಕೆಲಸ ಮಾಡುತ್ತೀರಿ ಎಂದು ಕೇಳಲು ಸಂಕೋಚ ಬೇಡ.

ಇಷ್ಟೆಲ್ಲ ಮಾಡಿದರೂ ಪರವಾನಗಿ ಬರುವುದು ಕೋಡು ಕೊಟ್ಟವರಿಂದ ಮಾತ್ರ. 2019ರಲ್ಲಿ ಶಾಟ್‌ವೆಲ್ ಎಂಬ ಓಪನ್ ಸೋರ್ಸ್ ಫೋಟೊ ಪ್ರೋಗ್ರಾಂ ವಿಷಯವಾಗಿ ನೋಮ್ ಫೌಂಡೇಶನ್ ಮೇಲೆ ದಾವೆ ಹೂಡಿದ್ದು ಕೋಡಿಗೆ ಸಂಬಂಧವಿಲ್ಲದ ಪೇಟೆಂಟ್ ಕಂಪನಿ; 2020ರ ಮೇ ತಿಂಗಳಲ್ಲಿ ರಾಜಿಯಾಯಿತು. ಅಂಥವರ ವಿರುದ್ಧ ಯಾವ ಲೈಸೆನ್ಸಿನ ಕಲಮೂ ನಿಲ್ಲುವುದಿಲ್ಲ. ಗ್ರಾಹಕರು ಆ ಹೊಣೆಯನ್ನೂ ನೀವೇ ಹೊರಬೇಕೆಂದು ಕರಾರಿನಲ್ಲಿ ಬರೆಸಲು ಬಂದರೆ, ಸಹಿ ಹಾಕುವ ಮೊದಲು ಮೊತ್ತಕ್ಕೊಂದು ಮಿತಿ ಹಾಕಿಸಿಕೊಳ್ಳಿ.